ಕಳಿಸಿದ್ದು ಒಂಬತ್ತು, ಪಾಸಾದದ್ದು ಹತ್ತು

ಇವತ್ತು ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ. ಚರ್ಚಿನ ಬೆಳಗಿನ ಪೂಜೆಗೆ ಹೋಗಿ, ಬರುವಾಗ ಪೀಠದ ಬಟ್ಟೆಗಳನ್ನು ತಂದು ನೆನೆಹಾಕಿದೆ. ಹುರುಳಿ ಆರಿಸಿದೆ. ನಲ್ಲಿ ನಿಲ್ಲುವ ಮೊದಲು ಹಂಡೆ ತುಂಬಿಸಿದೆ. ನಮ್ಮ ಯಜಮಾನರು ಹೊಲಿದಿಟ್ಟ ಕೋಟುಗಳಿಗೆ ಗುಂಡಿ ಹಚ್ಚಿದೆ; ಒಂದರ ಕಾಜ ವಾರೆಯಾಗಿತ್ತು, ಬಿಚ್ಚಿ ಮತ್ತೆ ಹೊಲಿದೆ. ಮಧ್ಯಾಹ್ನ ಗಂಜಿ ಹಾಕಿದ ಬಟ್ಟೆಗಳನ್ನು ಹಿತ್ತಲಲ್ಲಿ ಹರವಿ, ಕಾಗೆ ಕೂರದಂತೆ ಕಾಯುತ್ತ, ಮೆಣಸಿನಕಾಯಿಯ ತೊಟ್ಟು ಬಿಡಿಸಿದೆ. ದೀಪದ ಗಾಜು ಒರೆಸಿದೆ. ಸಂಜೆ ನನ್ನ ತಮ್ಮ ರಾಯಪ್ಪನಿಗೆ ಮಡಿಸಿಟ್ಟಿದ್ದ ರುಮಾಲು ತೆಗೆದುಕೊಟ್ಟೆ. ಅವನು ಸಭೆಗೆ ಹೋಗಬೇಕಿತ್ತು. ಅವನು ಓದಿದ ಹೈಸ್ಕೂಲಿನ ಹಳೆಯ ಹೆಡ್‌ಮೇಷ್ಟ್ರು ಹೋದ ವಾರ ತೀರಿಕೊಂಡರು. ಇವತ್ತು ಅಲ್ಲಿ ಅವರ ಸಂತಾಪಸಭೆ.

ತೀರಿಕೊಂಡವರನ್ನು ಹೊಗಳುವ ಕೆಲಸವನ್ನು ಸಭೆಯವರು ಅಚ್ಚುಕಟ್ಟಾಗಿ ಮಾಡುತ್ತಾರೆ. ಅದಕ್ಕೆ ನನ್ನ ಕೈ ಬೇಕಿಲ್ಲ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಅವರಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಎಲ್ಲರೂ ನಮ್ಮವರ ಕೈಯಲ್ಲೇ ಬಟ್ಟೆ ಹೊಲಿಸುವವರು.

ಅವರ ಮನೆ ನಮ್ಮ ಬೀದಿಯ ಕೊನೆಯದು, ನಮ್ಮದರ ಪಕ್ಕದ್ದು. ಪ್ರತಿ ದಸರೆಗೆ ಮುಂಚೆ ಒಂದು ಮುಚ್ಚು ಕಾಲರಿನ ಕರಿ ಕೋಟು ಹೊಲಿಸುತ್ತಿದ್ದರು. ಅಳತೆ ಕೊಡಲು ಬಂದಾಗ ತೋಳು, ಬೆನ್ನು, ಭುಜಕ್ಕೆಲ್ಲ ಸುಮ್ಮನೆ ನಿಲ್ಲುವರು. ಟೇಪು ಹೊಟ್ಟೆಯ ಹತ್ತಿರ ಬಂದದ್ದೇ ತಡ, ಉಸಿರು ಒಳಗೆಳೆದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಕಣ್ಣು ಮೇಲೆ ಮಾಡಿ ನಿಂತುಬಿಡುವರು.

"ಉಸ್ರು ಬುಡಿ ಸಾರ್," ಅನ್ನುವರು ನಮ್ಮವರು.

"ನೀವು ಅಳತೆ ಬರ್ಕೊಳ್ರೀ. ನನ್ನ ಉಸಿರಿನ ಯೋಚನೆ ನಿಮಗ್ಯಾಕೆ?"

"ಆಮೇಲೆ ಗುಂಡಿ ಕೂರಾಕಿಲ್ಲ ಸಾರ್."

"ಗುಂಡಿ ಹಾಕ್ಕೊಳ್ಳೋವಾಗ ನೋಡ್ಕೊಂಡ್ರಾಯ್ತು. ಅಳತೆ ಹೋದ ವರ್ಷದ್ದೇ ಅಂತ ಇರಲಿ."

ಹಾಗೆ ಹೋದ ವರ್ಷದ ಅಳತೆಗೆ ಹೊಲಿದ ಈ ವರ್ಷದ ಕೋಟು, ಗುಂಡಿ ಬಿಚ್ಚಿಕೊಂಡೇ ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಹೋಗುತ್ತಿತ್ತು. ಯಾರಾದರೂ ನೋಡಿದರೆ "ಏನು ಸೆಕೆ ರೀ!" ಅನ್ನುವರು. ಸುತ್ತಲಿನವರು ಶಾಲು ಹೊದ್ದು ಕೂತಿರುವರು.

ಹಿತ್ತಲಲ್ಲಿ ಸೀಬೆ ಸಸಿ ಎಬ್ಬಿಸುವ ಹುಚ್ಚೂ ಇತ್ತು. "ನಾನು ಹಾಕಿದ ಬೀಜ ಒಂದೂ ಹುಸಿಹೋಗಲ್ಲ" ಎಂದು ಬೀದಿಗೆಲ್ಲ ಹೇಳಿಕೊಳ್ಳುವರು. ಅವರ ಹೆಂಡತಿ ಒಳ್ಳೆಯ ಹೆಂಗಸು, ಗೋಡೆಯ ಮೇಲಿಂದ ಒಂದು ದಿನ ಕರಿಬೇವು ಕೇಳುತ್ತ ಮೆಲ್ಲಗೆ ಹೇಳಿದರು: "ಬಾಡಿದ್ದನ್ನೆಲ್ಲ ಯಾರೂ ಏಳೋ ಮುಂಚೆ ಕಿತ್ತು ಆಚೆ ಬಿಸಾಕಿ ಬರ್ತಾರೆ ಕಣಮ್ಮ. ಆಮೇಲೆ ನನ್ನ ಕರೆದು, ನೋಡು ಎಲ್ಲಾ ಹೆಂಗೆ ನಿಂತಿವೆ ಅಂತಾರೆ. ನಾನೂ ಹೌದು ಅಂದ್ಬಿಡ್ತೀನಿ."

ಇದೇ ಬುದ್ಧಿಯಿಂದ ಅವರು ಒಂದು ಹೈಸ್ಕೂಲು ನಡೆಸಿದರು.

ಆಗ ನಮ್ಮೂರಿಗೆ ಯೂನಿವರ್ಸಿಟಿ ಹೊಸದು. ಕಾಲೇಜಿನ ಬಾಗಿಲು ದಾಟಬೇಕಾದರೆ ಎಂಟ್ರೆನ್ಸ್ ಪರೀಕ್ಷೆ ಪಾಸಾಗಬೇಕು. ಮನೆಮನೆಯಲ್ಲೂ ಅದೇ ಮಾತು. ಯಾವ ಶಾಲೆಯಿಂದ ನೂರಕ್ಕೆ ಎಷ್ಟು ಜನ ದಾಟಿದರು ಎಂದು, ಮುಂಚೆ ಗಂಡಿನ ಕಡೆಯವರ ವಿಷಯ ಹೇಗೆ ವಿಚಾರಿಸುತ್ತಿದ್ದರೋ ಹಾಗೆ ವಿಚಾರಿಸುವರು. ಹೆಡ್‌ಮೇಷ್ಟ್ರು ಶಾಲೆಯ ಗೇಟಿಗೆ ಒಂದು ಕರಿ ಹಲಗೆ ಹಾಕಿಸಿದ್ದರು. ಅದರಲ್ಲಿ ವರ್ಷ, ಕಳಿಸಿದವರು, ಪಾಸಾದವರು, ನೂರಕ್ಕೆ ಎಷ್ಟು ಎಂದು ನಾಲ್ಕು ಸಾಲು. ಪಾಸಾದವರ ಹೆಸರು ಕೆಳಗೆ ಬಿಳಿ ಬಣ್ಣದಲ್ಲಿ. ಕೊನೆಯ ಸಾಲಿನಲ್ಲಿ ನೂರು, ನೂರು, ನೂರು ಎಂದೇ ಇರುತ್ತಿತ್ತು. ಅದನ್ನು ನೋಡಿಯೇ ನಾವು ರಾಯಪ್ಪನನ್ನು ಅಲ್ಲಿಗೆ ಸೇರಿಸಿದ್ದು.

ಆ ನೂರು ಹೇಗೆ ಬರುತ್ತದೆ ಎಂದು ನನಗೆ ತಿಳಿದದ್ದು ತಡವಾಗಿ. ಕೊನೆಯ ಕ್ಲಾಸಿನಲ್ಲಿ ಮೂವತ್ತರ ಹತ್ತಿರ ಹುಡುಗರು. ಎಂಟ್ರೆನ್ಸಿಗೆ ಮುಂಚೆ ಶಾಲೆಯಲ್ಲೇ ಒಂದು ಸೋಸುವ ಪರೀಕ್ಷೆ. ಅದಾದ ಮೇಲೆ ಹೆಡ್‌ಮೇಷ್ಟ್ರು ಹುಡುಗರನ್ನು ಮೂರು ಪಾಲು ಮಾಡುವರು: ಖಂಡಿತದವರು, ಅನುಮಾನದವರು, ಆಗದವರು. ಖಂಡಿತದವರನ್ನು ಮಾತ್ರ ಕಳಿಸುವರು. ಆಗದವರ ಮಾತು ಬಿಡಿ, ಅನುಮಾನದವರೂ ಅಲ್ಲೇ ಕೂರಬೇಕು. ಹಲಗೆಯ ಮೇಲೆ ಕಳಿಸಿದವರು ಒಂಬತ್ತು, ಪಾಸಾದವರು ಒಂಬತ್ತು. ಉಳಿದವರು ಆ ಶಾಲೆಯಲ್ಲಿ ಓದಿದರೆಂಬುದಕ್ಕೆ ಬೆಂಚಿನ ಮೇಲೆ ಕೆತ್ತಿದ ಗುರುತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ನಾನು ಹರಿದ ದೋಸೆಗಳನ್ನೆಲ್ಲ ಹಸುವಿನ ಬಾನಿಗೆ ಹಾಕಿ, ನಾನು ಹೊಯ್ದದ್ದೆಲ್ಲ ಗುಂಡಗೆ ಬಂತು ಎಂದು ಬಡಿಸಿದರೆ ಹೇಗೋ ಹಾಗೆ.

ಅವರು ಇದನ್ನು ಮುಚ್ಚಿಟ್ಟವರೂ ಅಲ್ಲ. ಹೆಮ್ಮೆಯಿಂದ ವಿವರಿಸುವರು. "ನೋಡ್ರೀ, ಭಿನ್ನರಾಶೀಲಿ ಮೇಲಿನ ಅಂಕಿ ಬೆಳೆಸೋಕೆ ಬೆವರು ಸುರಿಸಬೇಕು. ಕೆಳಗಿನ ಅಂಕಿ ಇಳಿಸೋಕೆ ಬುದ್ಧಿ ಇದ್ರೆ ಸಾಕು" ಎಂದು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದುಂಟು. ಒಂದು ಮಾತು ಒಪ್ಪಬೇಕು: ಆರಿಸಿದ ಒಂಬತ್ತು ಹುಡುಗರಿಗೆ ಬೆಳಕು ಹರಿಯುವ ಮುಂಚೆಯೇ ತಮ್ಮ ಮನೆಯಲ್ಲಿ ಪಾಠ ಹೇಳುವರು, ಹೊಟ್ಟೆಗೂ ಹಾಕುವರು. ಹೇಗೂ ಪಾಸಾಗುವವರಿಗೆ ಅಷ್ಟೊಂದು ಮಾಡಿದರು. ಬೇಕಾಗಿದ್ದವರಿಗೆ ಬಾಗಿಲು ತೋರಿಸಿದರು.

ರಾಯಪ್ಪ ಅನುಮಾನದವನು. ಗಣಿತ ಬರುತ್ತಿತ್ತು, ಇಂಗ್ಲಿಷಿನಲ್ಲಿ ಬರೆ ಅಂದರೆ ಗಂಟೆ ಹೊಡೆಯುವವರೆಗೂ ಯೋಚನೆ ಮಾಡುತ್ತ ಕೂರುವ ಜಾತಿ. ಅವನ ಗೆಳೆಯ ಪುಟ್ಟಸ್ವಾಮಿ, ಕುಂಬಾರಕೊಪ್ಪಲಿನವನು, ಅಪ್ಪ ಮಡಕೆ ಮಾಡುವವನು, ಅವನೂ ಅನುಮಾನದವನೇ. ಅವನಿಗೆ ಅದು ಎರಡನೆಯ ವರ್ಷದ ಅನುಮಾನ. ಇಬ್ಬರೂ ನಮ್ಮ ಜಗಲಿಯ ಮೇಲೆ ಒಂದೇ ಪುಸ್ತಕ ಹಿಡಿದು ಓದುತ್ತಿದ್ದರು. ರಾಯಪ್ಪ ತಪ್ಪಿದಲ್ಲಿ ಪುಟ್ಟಸ್ವಾಮಿ ತಿದ್ದುವನು, ಪುಟ್ಟಸ್ವಾಮಿ ತಪ್ಪಿದಲ್ಲಿ ರಾಯಪ್ಪ.

ನಮ್ಮ ಅಪ್ಪ ಅಮ್ಮ ಹೋದ ಮೇಲೆ ರಾಯಪ್ಪನನ್ನು ಸಾಕಿದವಳು ನಾನು. ನಮ್ಮವರು ಅವನನ್ನು ಬೇರೆಯವನೆಂದು ನೋಡಿದವರಲ್ಲ. ಆದರೆ ಅವರ ಕಣ್ಣು ಸೂಜಿಗೆ ದಾರ ಪೋಣಿಸಲು ತಡಕಾಡುವಂತಾಗಿತ್ತು. ಈ ವರ್ಷ ಎಂಟ್ರೆನ್ಸು ಆದರೆ ಹೇಗಾದರೂ ಕಾಲೇಜು, ಇಲ್ಲದಿದ್ದರೆ ಹೊಲಿಗೆ ಯಂತ್ರದ ಮುಂದೆ ಕೂರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ರಾಯಪ್ಪನೂ ಒಪ್ಪಿದ್ದ. ಪರೀಕ್ಷೆಗೆ ಕೂರಲು ಬಿಟ್ಟರೆ ತಾನೆ ಆಗುವುದು ಬಿಡುವುದು! ಅವನನ್ನು ಕೂರಿಸುವುದೇ ಇಲ್ಲ ಎಂದು ತಿಳಿದಾಗ ನಾನು ಅವನನ್ನು ಕರೆದುಕೊಂಡು ಹೆಡ್‌ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲಿದ್ದರು, ನಾವು ಮೆಟ್ಟಿಲ ಕೆಳಗೆ.

"ನಮ್ಮುಡುಗ ಪಾಸಾಗಲ್ವಾ ಸಾರ್?" ಎಂದೆ.

"ಆಗಬಹುದು ಕಣಮ್ಮ."

"ಹಂಗಾದ್ರೆ ಕಳ್ಸಿ ಸಾರ್."

"ಆಗದೇನೂ ಇರಬಹುದಲ್ಲ. 'ಬಹುದು' ಅಂತ ಬರೆಯೋಕೆ ನನ್ನ ಹಲಗೇಲಿ ಜಾಗ ಇಲ್ಲಮ್ಮ."

"ಈ ಸರ್ತಿ ಬಿಟ್ರೆ ಮಿಶಿನ್ ಮುಂದೆ ಕೂರ್ಬೇಕು ಸಾರ್ ಅವನು. ಇನ್ನೊಂದು ವರ್ಷ ಓದ್ಸೋ ಶಕ್ತಿ ನಮಗಿಲ್ಲ."

"ಹೊಲಿಗೆ ಒಳ್ಳೇ ಕಸುಬಮ್ಮ. ನನ್ನ ಕೋಟು ನೋಡಿ, ನಿಮ್ಮ ಯಜಮಾನರು ಎಷ್ಟು ಚೆನ್ನಾಗಿ ಹೊಲಿದಿದ್ದಾರೆ!" ಎಂದರು, ಗುಂಡಿ ಬಿಚ್ಚಿದ ಕೋಟಿನ ಎರಡು ಅಂಚುಗಳನ್ನು ಹತ್ತಿರ ತರಲು ನೋಡುತ್ತ.

ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. "ಒಂದ್ ಕೆಲಸ ಮಾಡೋ ರಾಯಪ್ಪ. ಸ್ಕೂಲು ಬಿಟ್ಟುಬಿಡು. ಖಾಸಗಿಯಾಗಿ ಅರ್ಜಿ ಹಾಕ್ಕೊಂಡು ಕೂತ್ಕೋ. ಸಂತೋಷವಾಗಿ ನಿನ್ನ ಹೆಸರು ಹೊಡೆದು ಹಾಕ್ತೀನಿ. ನೀನು ಪಾಸಾದ್ರೂ ನನಗೇನಿಲ್ಲ, ಫೇಲಾದ್ರೂ ನನಗೇನಿಲ್ಲ." ಹೆಸರು ಹೊಡೆಯುವಾಗ ಅಷ್ಟು ಸಂತೋಷಪಟ್ಟ ಮೇಷ್ಟ್ರನ್ನು ನಾನು ಬೇರೆ ಕಡೆ ಕಂಡಿಲ್ಲ.

ರಾಯಪ್ಪ ಬಿಟ್ಟ. ನಜರಬಾದಿನ ಕಡೆಯ ಇನ್ನೊಬ್ಬ ಹುಡುಗನೂ ಹಾಗೆಯೇ ಬಿಟ್ಟ. ಪುಟ್ಟಸ್ವಾಮಿಯ ಅಪ್ಪ ಮಾತ್ರ ಹೆದರಿದ. "ಇಸ್ಕೂಲೇ ಬುಟ್ಬುಟ್ರೆ ಎಂಟ್ರೆನ್ಸು ಎಂಗವ್ವಾ ಆದದು? ಹೆಡ್‌ಮೇಷ್ಟ್ರು ಬರೋ ವರ್ಸ ಕಳುಸ್ತೀನಿ ಅಂತ ಬಾಯ್ಬುಟ್ಟು ಹೇಳವ್ರೆ" ಎಂದ. ಅಷ್ಟು ದೊಡ್ಡವರು ಬಾಯಿಬಿಟ್ಟು ಹೇಳಿದ್ದನ್ನು ನಂಬದಿರಲು ಅವನಿಗೆ ಬರಲಿಲ್ಲ.

ಪರೀಕ್ಷೆಯ ದಿನ ಬುತ್ತಿ ಕೊಡಲು ನಾನೂ ಹೋಗಿದ್ದೆ. ಹೆಡ್‌ಮೇಷ್ಟ್ರು ಮರದ ಕೆಳಗೆ ಮಜ್ಜಿಗೆಯ ಬಿಂದಿಗೆ ಇಟ್ಟುಕೊಂಡು ತಮ್ಮ ಒಂಬತ್ತು ಹುಡುಗರಿಗೆ ಎತ್ತಿ ಹೊಯ್ಯುತ್ತಿದ್ದರು. ಬಿಸಿಲು ಹೆಂಚು ಕಾದಂತೆ ಕಾದಿತ್ತು. ರಾಯಪ್ಪ ಅಭ್ಯಾಸಬಲದಿಂದ ಸಾಲಿನ ಕೊನೆಗೆ ಹೋಗಿ ಬೊಗಸೆ ಒಡ್ಡಿದ. ಅವರು ಅವನ ಮುಖ ನೋಡಿದರು, ಬಿಂದಿಗೆಯೊಳಗೆ ನೋಡಿದರು. "ನೀನು ಖಾಸಗಿ ಅಲ್ವೇನೋ?" ಎಂದು ಮೊದಲನೆಯ ಹುಡುಗನನ್ನು ಎರಡನೆಯ ಸಲ ಕರೆದರು. ರಾಯಪ್ಪ ಬಂದು ನನ್ನ ಚೊಂಬಿನ ನೀರು ಕುಡಿದ.

ಫಲಿತಾಂಶ ಬಂತು. ರಾಯಪ್ಪನ ನಂಬರು ಇತ್ತು. ನಮ್ಮವರು ಅರ್ಧ ಹೊಲಿದ ತೋಳನ್ನು ಯಂತ್ರದಲ್ಲೇ ಬಿಟ್ಟು ಹೋಗಿ ಮೈಸೂರುಪಾಕು ತಂದರು. ನಜರಬಾದಿನ ಹುಡುಗನ ನಂಬರೂ ಇತ್ತು. ಹೆಡ್‌ಮೇಷ್ಟ್ರ ಖಂಡಿತದ ಒಂಬತ್ತರಲ್ಲಿ ಒಂದು ನಂಬರು ಇರಲಿಲ್ಲ. ಯಾರೂ ಅನುಮಾನ ಪಡದಿದ್ದ ಹುಡುಗ. ಪ್ರಶ್ನೆ ತಪ್ಪು ಓದಿಕೊಂಡನಂತೆ. ಹೆಡ್‌ಮೇಷ್ಟ್ರ ಮನೆಯ ಮುಂಬಾಗಿಲು ಎರಡು ದಿನ ತೆರೆಯಲಿಲ್ಲ. ಹಲಗೆಗೆ ಬಣ್ಣ ಬರೆಯುವವನು ಬಂದು, ಕಾದು, ಹೋದನಂತೆ.

ಮೂರನೆಯ ದಿನ ಹೆಡ್‌ಮೇಷ್ಟ್ರು ನಮ್ಮ ಮನೆಗೆ ಬಂದರು. ನಮ್ಮವರು ಎದ್ದು ಕುರ್ಚಿ ಹಾಕಿದರು. ನಾನು ನೀರು ತರುವ ಮೊದಲೇ "ಬಾಯಾರಿಕೆ ಇಲ್ಲಮ್ಮ" ಎಂದರು. ನಮ್ಮ ಮನೆಗೆ ಬಂದಾಗ ಅವರಿಗೆ ಎಂದೂ ಬಾಯಾರಿಕೆ ಆದದ್ದಿಲ್ಲ. ರಾಯಪ್ಪನ ಬೆನ್ನು ತಟ್ಟಿದರು.

"ನಮ್ಮ ಸ್ಕೂಲಿನ ಕೀರ್ತಿ ಉಳಿಸಿದೆ ಕಣೋ! ನಿನ್ನ ಹೆಸರು ಹಲಗೆ ಮೇಲೆ ಬರ್ತದೆ."

ರಾಯಪ್ಪನಿಗೆ ಅರ್ಥವಾಗಲಿಲ್ಲ. "ನಾನು ಖಾಸಗಿ ಅಲ್ವಾ ಸಾರ್?"

"ಪರೀಕ್ಷೆಗೆ ಖಾಸಗಿ. ವಿದ್ಯೆ ಯಾರದು? ನಿನಗೆ ಪಾಠ ಹೇಳಿದ್ದು ಯಾರು?"

ನಮ್ಮವರು ಕತ್ತರಿ ಕೆಳಗಿಟ್ಟರು. "ಸಾರ್, ಕಾಲೇಜಿನೋರು ನಡತೆ ಸರ್ಟಿಫಿಕೇಟು ಕೇಳವ್ರೆ. ಈ ವಾರದೊಳಗೆ ಕೊಡ್ದಿದ್ರೆ ಸೀಟಿಲ್ಲ ಅಂತವ್ರೆ. ತಾವೇ ಬರ್ದುಕೊಡ್ಬೇಕು."

"ಅದಕ್ಕೇನಂತೆ, ಬರೆದೇ ಇಟ್ಟಿದ್ದೀನಿ. ಸಹಿ ಒಂದೇ ಬಾಕಿ. ಆದರೆ ನೋಡಿ, ರಾಯಪ್ಪ ನಮ್ಮ ಹುಡುಗ ಅಂತಾದ್ರೆ ಅವನ ನಡತೆ ನನಗೆ ಗೊತ್ತು. ನಮ್ಮ ಹುಡುಗ ಅಲ್ಲ ಅಂದ್ರೆ, ಯಾರದೋ ಹುಡುಗನ ನಡತೆ ನಾನು ಹೇಗೆ ಹೇಳಲಿ?"

ಒಂದು ಸಹಿಯ ಆಚೆ ಕಾಲೇಜು, ಈಚೆ ಹೊಲಿಗೆ ಯಂತ್ರ. ರಾಯಪ್ಪ ನನ್ನ ಕಡೆ ನೋಡಿದ, ನಾನು ತಲೆಯಾಡಿಸಿದೆ.

"ಬರ್ಕೊಳ್ಳಿ ಸಾರ್," ಎಂದ. ಆಮೇಲೆ, "ಹಂಗಾದ್ರೆ ಕಳಿಸಿದವರ ಸಾಲಲ್ಲೂ ನನ್ನನ್ನ ಸೇರಿಸ್ಬೇಕಲ್ವಾ ಸಾರ್?" ಎಂದು ಕೇಳಿದ.

ಹೆಡ್‌ಮೇಷ್ಟ್ರಿಗೆ ನಿಜವಾಗಿ ನೋವಾಯಿತು. "ಅದು ಹೇಗಪ್ಪಾ? ನಿನ್ನನ್ನ ನಾನು ಕಳಿಸಲಿಲ್ಲವಲ್ಲ! ಕಳಿಸದೇ ಇದ್ದವನನ್ನ ಕಳಿಸಿದೆ ಅಂತ ಬರೆದ್ರೆ ಸುಳ್ಳಾಗಲ್ವೇ? ಗೇಟಿನ ಮೇಲೆ ಸುಳ್ಳು ಬರೆಸು ಅಂತೀಯಾ?"

ಅಷ್ಟು ಸತ್ಯವಂತರು. ಸಹಿ ಮಾಡಿಕೊಟ್ಟರು, ಎದ್ದು ಹೋದರು. ನಮ್ಮ ಮನೆಯ ನೀರು ಮುಟ್ಟದವರು ನಮ್ಮ ಹುಡುಗನ ಪಾಸನ್ನು ಮಾತ್ರ ಎತ್ತಿಕೊಂಡು ಹೋದರು. ಹಾಗೆಯೇ ನಜರಬಾದಿಗೂ ಹೋಗಿ ಅಲ್ಲಿನದನ್ನೂ ತಂದರು. ಇದ್ದ ಎಂಟಕ್ಕೆ ಒಬ್ಬನನ್ನು ಸೇರಿಸಿ ನಿಲ್ಲಿಸಿದ್ದರೆ ಒಂಬತ್ತಕ್ಕೆ ಒಂಬತ್ತಾಗಿ, ನೂರಕ್ಕೆ ನೂರಾಗಿ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅನಾಯಾಸವಾಗಿ ಸಿಕ್ಕ ಇನ್ನೊಂದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಬಣ್ಣ ಬರೆಯುವವನು ಬಂದು ಬರೆದ: ಕಳಿಸಿದವರು ಒಂಬತ್ತು, ಪಾಸಾದವರು ಹತ್ತು, ನೂರಕ್ಕೆ ನೂರ ಹನ್ನೊಂದು. ಭಾಗಾಕಾರ ಅವರೇ ಮಾಡಿಕೊಟ್ಟದ್ದು. ಗಣಿತದ ಮೇಷ್ಟ್ರಾಗಿದ್ದವರು, ತಪ್ಪಾಗಿರಲಿಲ್ಲ.

ಬಣ್ಣ ಒಣಗುವ ಮೊದಲೇ ಯಾರಾದರೂ ನಗುತ್ತಾರೆ ಎಂದುಕೊಂಡಿದ್ದೆ. ನಮ್ಮ ಮೈಸೂರಿನ ಜನದ ಮೇಲೆ ನಾನು ಅಷ್ಟು ಭರವಸೆ ಇಟ್ಟದ್ದು ಹೆಚ್ಚಾಯಿತು. ಪೇಟ ಸುತ್ತಿದವರು, ಕನ್ನಡಕದವರು, ಕಚೇರಿಯವರು, ಎಲ್ಲ ನಿಂತು ಓದಿ, ತಲೆದೂಗಿ ಹೋದರು. ಪೀಠದ ಬಟ್ಟೆ ಒಯ್ಯುತ್ತ ನಾನು ಅದೇ ಗೇಟಿನ ಮುಂದೆ ಹಾದಾಗ, ಕಡಕೊಳದಿಂದ ರೈಲಿನಲ್ಲಿ ಮಗನನ್ನು ಕರೆತಂದಿದ್ದ ಗೌಡರೊಬ್ಬರು ಹಲಗೆ ನೋಡುತ್ತ ನಿಂತಿದ್ದರು. "ನೂರಕ್ಕೆ ನೂರು ಕೊಡೋ ಇಸ್ಕೂಲು ಬೇರೆ ಕಡೆನೂ ಅದೆ ಕಣ್ಲಾ ಮಗ. ಇದು ಅದುಕ್ಕಿಂತ ಅನ್ನೊಂದು ಜಾಸ್ತಿ! ಇಲ್ಲೇ ಸೇರ್ಕೊ" ಎಂದು ಹುಡುಗನನ್ನು ಒಳಗೆ ತಳ್ಳಿದರು. ಆ ವರ್ಷ ಬೆಂಚು ಸಾಲದೆ ಹುಡುಗರು ನೆಲದ ಮೇಲೆ ಕೂತರು. ತನಿಖೆಗೆ ಬಂದ ಸಾಹೇಬರೂ ಹಲಗೆಯ ಮುಂದೆ ನಿಂತರಂತೆ. "ಇದು ಹೇಗೆ?" ಎಂದರಂತೆ. "ಕಳಿಸೋದು ನಮ್ಮ ವಿವೇಚನೆ, ಪಾಸಾಗೋದು ನಮ್ಮ ಪ್ರಭಾವ. ಎರಡೂ ಬೇರೆ ಬೇರೆ ಸ್ವಾಮಿ" ಎಂದು ಇವರು ಹೇಳಿದರಂತೆ. ಸಾಹೇಬರು ಹೂಂ ಎಂದು ಹೊರಟುಹೋದರಂತೆ.

ನಮ್ಮವರೊಬ್ಬರೇ ನಕ್ಕವರು. "ಉಸ್ರು ಹಿಡ್ಕಂಡು ಕೊಟ್ಟ ಅಳತೆ ಕಣೆ ಅದು," ಎಂದರು. "ಗುಂಡಿ ಯಾರೂ ಹಾಕಿ ನೋಡಾಕಿಲ್ಲ ಅಂತ ಅವರ್ಗೆ ಗೊತ್ತು."

ಪುಟ್ಟಸ್ವಾಮಿಯನ್ನು ಬರುವ ವರ್ಷವೂ ಕಳಿಸಲಿಲ್ಲ. ನೂರ ಹನ್ನೊಂದು ಬಂದ ಮೇಲೆ ಅನುಮಾನದವರನ್ನು ಮುಟ್ಟುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? "ಈಗ ಇನ್ನೂ ಜೋಪಾನವಾಗಿರಬೇಕು ಕಣೋ" ಎಂದು ಅವನಿಗೇ ವಿವರಿಸಿದರಂತೆ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತು, ಒಂದು ದಿನವೂ ಪರೀಕ್ಷೆಯ ಕಾಗದ ಕೈಯಲ್ಲಿ ಹಿಡಿಯದೆ, ಅವನು ಎದ್ದುಬಂದ. ಸ್ವಲ್ಪ ದಿನ ಅಪ್ಪನ ಜೊತೆ ಮಣ್ಣು ತುಳಿದ. ಆಮೇಲೆ ಜಟಕಾ ಹಿಡಿದ. ರಾಯಪ್ಪ ಕಾಲೇಜು ಮುಗಿಸಿ ಕಚೇರಿಯಲ್ಲಿ ಗುಮಾಸ್ತನಾದ. ಅವನು ಕಚೇರಿಗೆ ಹೋಗುವುದು ಇವತ್ತಿಗೂ ಪುಟ್ಟಸ್ವಾಮಿಯ ಜಟಕಾದಲ್ಲೇ. ದಾರಿಯಲ್ಲಿ ಕುದುರೆಗೆ ಇಬ್ಬರೂ ಇಂಗ್ಲಿಷಿನಲ್ಲಿ ಬೈಯುತ್ತಾರೆ. ಪುಟ್ಟಸ್ವಾಮಿಯ ಇಂಗ್ಲಿಷೇ ಚೆನ್ನ ಎಂದು ರಾಯಪ್ಪ ಹೇಳುತ್ತಾನೆ.

ಇವತ್ತು ಕತ್ತಲಾದ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಸಭೆಯಲ್ಲಿ ಹೆಡ್‌ಮೇಷ್ಟ್ರ ಪಟದ ಪಕ್ಕದಲ್ಲಿ ಗೇಟಿನ ಆ ಹಲಗೆಯನ್ನೂ ತಂದು ನಿಲ್ಲಿಸಿ, ಅದಕ್ಕೂ ಒಂದು ಚೆಂಡುಹೂವಿನ ಹಾರ ಹಾಕಿದ್ದರಂತೆ. ಮಾತಾಡಿದವರೆಲ್ಲ ನೂರ ಹನ್ನೊಂದನ್ನು ನೆನೆದರಂತೆ. ಅವರ ಕೈಗೆ ಸಿಕ್ಕ ಹುಡುಗ ಫೇಲಾದದ್ದೇ ಇಲ್ಲ ಎಂದು ಒಬ್ಬರು ಕಣ್ಣೊರೆಸಿಕೊಂಡರಂತೆ. ರಾಯಪ್ಪನನ್ನು ಎಬ್ಬಿಸಿ, ಇವರೇ ಆ ಹತ್ತರಲ್ಲಿ ಒಬ್ಬರು ಎಂದು ತೋರಿಸಿದರಂತೆ.

"ನೀನೇನ್ ಮಾಡ್ದೆ?" ಎಂದೆ.

"ಕೈ ಮುಗಿದೆ. ಏನ್ ಮಾಡ್ಲಕ್ಕ? ಹೆಸರ ಮೇಲೆ ಚೆಂಡುಹೂ ಬೇರೆ ಬಿದ್ದಿತ್ತು."

ಪುಟ್ಟಸ್ವಾಮಿ ಜಟಕಾ ಬಿಟ್ಟು ಒಳಗೆ ಹೋಗಿರಲಿಲ್ಲ. ಗೇಟಿನ ಆಚೆಯೇ ಕುದುರೆ ಹಿಡಿದು ನಿಂತಿದ್ದ. ಹಿತ್ತಲಲ್ಲಿ ಕಾಲು ತೊಳೆಯುತ್ತ ಕೇಳಿದ:

"ಆ ಅಲಗೆ ಮ್ಯಾಲೆ ನನ್ನೆಸ್ರು ಎಲ್ಲಾದ್ರೂ ಇತ್ತೇನೋ ರಾಯಪ್ಪ? ಮೂರು ವರ್ಸ ಕುಂತಿದ್ನಲ್ಲೋ ಅಲ್ಲಿ."

"ಇಲ್ಲ ಕಣೋ."

"ಫೇಲಾದೋರ ಸಾಲ್ನಾಗೂ ಇಲ್ವಾ?"

"ಫೇಲಾದೋರ ಸಾಲೇ ಇಲ್ಲ ಆ ಹಲಗೇಲಿ."

ಪುಟ್ಟಸ್ವಾಮಿ ಎರಡನೆಯ ಕಾಲು ತೊಳೆದುಕೊಂಡ. "ಅಂಗಾರೆ ಸರಿ ಬುಡು," ಎಂದ. "ನಾನು ಫೇಲಾಗಿಲ್ಲ."

ನಮ್ಮವರು ನಕ್ಕರು, ರಾಯಪ್ಪ ನಗಲಿಲ್ಲ. ನಾನು ಎಲೆ ಹಾಕಿದೆ.

ಶುಕ್ರವಾರವಾದ್ದರಿಂದ ಮಾಂಸವಿಲ್ಲ. ರಾಗಿಮುದ್ದೆ, ಹುರುಳಿ ಸಾರು, ಕೆಂಡದಲ್ಲಿ ಸುಟ್ಟ ಒಣಮೀನು. ಕೊನೆಗೆ ಅನ್ನ, ಮಜ್ಜಿಗೆ. ಬಿಂದಿಗೆ ತುಂಬ ಮಾಡಿದ್ದೆ. ಪುಟ್ಟಸ್ವಾಮಿಗೆ ಮೊದಲು ಬಡಿಸಿದೆ, ಎರಡು ಸಲ ಬೊಗಸೆ ತುಂಬ ಕುಡಿದ. ಊಟವಾದ ಮೇಲೆ ಜಪಸರ ಹಿಡಿದು ಕೂತೆವು. ಸತ್ತವರ ಆತ್ಮಕ್ಕೆಂದು ಒಂದು ಪ್ರಾರ್ಥನೆ ಸೇರಿಸಬೇಕೇ ಎಂದು ರಾಯಪ್ಪ ಕೇಳಿದ. ಸೇರಿಸು ಎಂದೆ; ಅಲ್ಲಿಯಾದರೂ ಕಳಿಸುವುದು ಅವರ ಕೈಯಲ್ಲಿಲ್ಲ. ಜಪ ಅರ್ಧಕ್ಕೆ ಬರುವ ಹೊತ್ತಿಗೆ ಜಗಲಿಯಿಂದ ಗೊರಕೆ ಕೇಳಿಸಿತು. ಮೊದಲು ನಿದ್ದೆಹೋದವನು ಪುಟ್ಟಸ್ವಾಮಿ. ಆಮೇಲೆ ನಮ್ಮವರು. ರಾಯಪ್ಪ ಇನ್ನೂ ಎದ್ದಿದ್ದಾನೆ.